ಮೂಟೆ ಸಿಮೆಂಟೋ, ರೆಡಿಮಿಕ್ಸೋ? ನಮ್ಮನೆ ಮೋಲ್ಡಿನ ಲೆಕ್ಕ

ನಮ್ಮ ಬಡಾವಣೆಯಲ್ಲಿ ಯಾರ ಮನೆ ಕೆಲಸ ಶುರುವಾದರೂ ಪಾಯ, ಗೋಡೆ ಮುಗಿಯುವವರೆಗೆ ಎಲ್ಲರೂ ಸುಮ್ಮನಿರುತ್ತಾರೆ. ಸೆಂಟ್ರಿಂಗ್ ಹಲಗೆ ಮೇಲೇರಿತೋ, ವಾದ ಶುರು. ‘ಮೂಟೆ ಸಿಮೆಂಟ್ ತರಿಸಿ ಕಣ್ಣೆದುರಿಗೇ ಕಲಸಿದ ಕಾಂಕ್ರೀಟೇ ಗಟ್ಟಿ’ ಎನ್ನುವವರು ಒಂದು ಕಡೆ. ‘ಈ ಕಾಲದಲ್ಲಿ ಯಾರು ಅಷ್ಟು ಒದ್ದಾಡ್ತಾರೆ? ರೆಡಿಮಿಕ್ಸ್ ಲಾರಿ ಕರೆಸಿ, ಮಧ್ಯಾಹ್ನದೊಳಗೆ ಮೋಲ್ಡ್ ಮುಗೀತು’ ಎನ್ನುವವರು ಇನ್ನೊಂದು ಕಡೆ. ಎರಡೂ ಕಡೆಯವರ ಹತ್ತಿರ ಒಂದೊಂದು ಸೋರುವ ತಾರಸಿಯ ಕಥೆ ಇದ್ದೇ ಇರುತ್ತದೆ. ಅದು ಯಾವಾಗಲೂ ಎದುರು ಪಕ್ಷದವರ ತಾರಸಿ!

ಕಳೆದ ವರ್ಷ ಈ ವಾದ ನಮ್ಮನೆಗೇ ಬಂತು. ತುಮಕೂರಿನ ಹೊರವಲಯದಲ್ಲಿ 30x40 ಸೈಟು. ಅಪ್ಪ ಇಪ್ಪತ್ತು ವರ್ಷ ಕೂಡಿಟ್ಟ ಹಣದ ಮೇಲೆ ಬ್ಯಾಂಕ್ ಸಾಲ. ನಾನು ಬಿ.ಇ. ಸಿವಿಲ್ ಮುಗಿಸಿ, ರೆಸ್ಯುಮೆ ಕಳಿಸುತ್ತಾ, ಬಾರದ ಫೋನಿಗೆ ಕಾಯುತ್ತಾ ಮನೆಯಲ್ಲಿದ್ದೆ. ಒಂದು ರಾತ್ರಿ ಅಪ್ಪ ಹೇಳಿದರು: ‘ನಾಲ್ಕು ವರ್ಷ ಇದನ್ನೇ ಓದಿದ್ದೀಯಲ್ಲ ಮಗಳೇ, ನೀನೇ ಹೇಳು. ನೀನು ಹೇಳಿದ ಹಾಗೇ ಮಾಡೋಣ.’

ರೆಡಿಮಿಕ್ಸ್ ಕಾಂಕ್ರೀಟಿನ ಅನುಕೂಲ, ಅನನುಕೂಲಗಳನ್ನು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದಿದ್ದೆ. ಆ ಉತ್ತರದಲ್ಲಿ ಅಪ್ಪನ ಸಾಲ ಇರಲಿಲ್ಲ. ಒಂದು ವಾರ ಟೈಮ್ ಕೇಳಿದೆ.

ಮೊದಲು ಅಳತೆ, ಆಮೇಲೆ ಅಭಿಪ್ರಾಯ

ನಮ್ಮ ತಾರಸಿ 1,000 ಚದರ ಅಡಿ, ದಪ್ಪ 5 ಇಂಚು. ಗುಣಿಸಿದರೆ ಸುಮಾರು 417 ಘನ ಅಡಿ, ಅಂದರೆ 12 ಘನ ಮೀಟರ್‌ಗೆ ಸ್ವಲ್ಪ ಕಡಿಮೆ. ಬೀಮ್‌ಗಳನ್ನೂ ಸೇರಿಸಿದಾಗ 15 ಘನ ಮೀಟರ್ ಆಯಿತು. ಮನೆಯ ಆರ್‌ಸಿಸಿಗೆ ಕನಿಷ್ಠ ಎಂ20 ದರ್ಜೆ ಬೇಕು ಎನ್ನುತ್ತದೆ ಭಾರತೀಯ ಮಾನಕ ಐಎಸ್ 456. ಎಂ20 ಎಂದರೆ 28 ದಿನಗಳ ನಂತರ ಪ್ರತಿ ಚದರ ಮಿಲಿಮೀಟರ್‌ಗೆ 20 ನ್ಯೂಟನ್ ಒತ್ತಡ ತಡೆಯಬಲ್ಲ ಕಾಂಕ್ರೀಟು. ಸೈಟಿನಲ್ಲಿ ಅದನ್ನು ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಹಾಕಿ ಕಲಸುತ್ತಾರೆ. ಈ ಲೆಕ್ಕದಲ್ಲಿ ಒಂದು ಘನ ಮೀಟರ್‌ಗೆ 50 ಕೆ.ಜಿ.ಯ ಸುಮಾರು 8 ಮೂಟೆ ಬೇಕು. ನಮಗೆ 120 ಮೂಟೆ.

ಬೆಲೆ ಊರಿಂದ ಊರಿಗೆ ಬದಲಾಗುವುದರಿಂದ ಇಲ್ಲಿ ರೂಪಾಯಿ ಬರೆಯುವುದಿಲ್ಲ, ಲೆಕ್ಕದ ದಾರಿ ಹೇಳುತ್ತೇನೆ. ಹೆಚ್ಚಿನವರು ಸಿಮೆಂಟ್, ಎಂ-ಸ್ಯಾಂಡ್, ಜಲ್ಲಿಯ ದರ ಕೂಡಿಸಿ, ಅದನ್ನು ರೆಡಿಮಿಕ್ಸ್ ದರದ ಪಕ್ಕ ಇಟ್ಟು ‘ಅಯ್ಯೋ, ಲಾರಿ ದುಬಾರಿ’ ಎನ್ನುತ್ತಾರೆ. ಮೂಟೆಯ ಪಟ್ಟಿಗೆ ಮಿಕ್ಸರ್ ಮತ್ತು ಲಿಫ್ಟ್ ಬಾಡಿಗೆ, ಡೀಸೆಲ್, ಇಪ್ಪತ್ತೈದು ಜನರ ಕೂಲಿ, ನೀರಿನ ಟ್ಯಾಂಕರ್, ಮೋಲ್ಡ್ ದಿನದ ಊಟ, ಉಳಿದು ಮಣ್ಣುಪಾಲಾಗುವ ಮರಳು ಎಲ್ಲವೂ ಸೇರಬೇಕು. ರೆಡಿಮಿಕ್ಸ್ ಪಟ್ಟಿಗೆ ಪಂಪ್ ಬಾಡಿಗೆ, ಹರಡಿ ಮಟ್ಟ ಮಾಡುವ ಹತ್ತು ಜನರ ಕೂಲಿ ಸೇರಬೇಕು. ತೆರಿಗೆಯನ್ನೂ ಕೇಳಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದು, ಶೇ 18ರ ರೆಡಿಮಿಕ್ಸ್‌ಗೆ ಸಮವಾಗಿದೆ. ಹಾಗಾಗಿ ಹಳೆಯ ಕೊಟೇಶನ್ ಹಿಡಿದು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ನಮ್ಮ ಎರಡು ಪಟ್ಟಿಗಳ ನಡುವಿನ ವ್ಯತ್ಯಾಸ ಮೋಲ್ಡ್ ದಿನದ ಬಿರಿಯಾನಿ ಖರ್ಚಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅಂದಮೇಲೆ ದುಡ್ಡು ಇದನ್ನು ತೀರ್ಮಾನಿಸುವುದಿಲ್ಲ ಎಂದು ಗೊತ್ತಾಯಿತು.

120 ಸಲ ಸರಿ ಇರಬೇಕು

ತೀರ್ಮಾನಿಸಿದ್ದು ನೀರು. ಸಿಮೆಂಟಿನ ಜೊತೆ ರಾಸಾಯನಿಕವಾಗಿ ಬೆರೆತು ಗಟ್ಟಿಯಾಗಲು ಬೇಕಾಗುವ ನೀರು ಅದರ ತೂಕದ ಕಾಲುಭಾಗದಷ್ಟು ಮಾತ್ರ. ಉಳಿದ ನೀರು ಕಾಂಕ್ರೀಟು ಸುಲಭವಾಗಿ ಹರಡಲಿ ಎಂದು ಹಾಕುವುದು. ಅದು ಮುಂದೆ ಆರಿಹೋಗಿ ತನ್ನ ಜಾಗದಲ್ಲಿ ಸಣ್ಣ ರಂಧ್ರಗಳನ್ನು ಬಿಡುತ್ತದೆ. ಮಳೆಗಾಲದಲ್ಲಿ ತೇವ ಇಳಿಯುವುದು, ಕಂಬಿ ತುಕ್ಕು ಹಿಡಿಯುವುದು ಇದೇ ದಾರಿಯಲ್ಲಿ. ಸೈಟಿನಲ್ಲಿ ಕಲಸುವ ಎಂ20ಗೆ ಒಂದು ಮೂಟೆಗೆ ಹೆಚ್ಚೆಂದರೆ 30 ಲೀಟರ್ ನೀರು ಎಂದು ಐಎಸ್ 456 ಹೇಳುತ್ತದೆ. ಅಂದರೆ 20 ಲೀಟರಿನ ಪೇಂಟ್ ಬಕೆಟ್‌ನಲ್ಲಿ ಒಂದೂವರೆ ಬಕೆಟ್. ಮರಳಿನಲ್ಲಿ ಈಗಾಗಲೇ ಇರುವ ನೀರೂ ಇದರಲ್ಲೇ ಲೆಕ್ಕ. ಒದ್ದೆ ಮರಳು ಉಬ್ಬಿರುತ್ತದೆ ಬೇರೆ. ಬಾಂಡ್ಲಿ ಲೆಕ್ಕದಲ್ಲಿ ಅಳೆದರೆ ಮರಳು ಕಡಿಮೆ ಬಿದ್ದಿರುತ್ತದೆ.

ಒಂದು ಮೂಟೆಯ ಮಿಕ್ಸರ್‌ನಲ್ಲಿ 120 ಮೂಟೆ ಕಲಸುವುದೆಂದರೆ, ಒಂದೊಂದಕ್ಕೆ ನಾಲ್ಕು ನಿಮಿಷ ಹಿಡಿದರೂ ಎಂಟು ಗಂಟೆ. ಬೆಳಿಗ್ಗೆ ಏಳಕ್ಕೆ ಬಕೆಟ್ ಎಣಿಸುವ ಹುಡುಗ ಮಧ್ಯಾಹ್ನ ಮೂರರ ಬಿಸಿಲಲ್ಲಿ ಪೈಪ್ ಹಿಡಿದು ಅಂದಾಜಿನಲ್ಲಿ ಬಿಡುತ್ತಾನೆ. ಅವನ ಮೇಲೆ ತಪ್ಪು ಹೊರಿಸಲಾಗದು. ಒಬ್ಬ ಮನುಷ್ಯ 120 ಸಲ ಒಂದೇ ರೀತಿ ಸರಿ ಇರಬೇಕು ಎನ್ನುವುದೇ ದೊಡ್ಡ ಬೇಡಿಕೆ. ಅದೇ 15 ಘನ ಮೀಟರನ್ನು ರೆಡಿಮಿಕ್ಸ್‌ನಲ್ಲಿ ತಂದರೆ 6, 6, 3ರ ಲೆಕ್ಕದಲ್ಲಿ ಮೂರು ಲಾರಿ. ಘಟಕದಲ್ಲಿ ಎಲ್ಲವೂ ತೂಕದ ಪ್ರಕಾರ ಬೀಳುತ್ತದೆ. ನಾನು ಕಾಯಬೇಕಾದದ್ದು ಮೂರೇ ಸಲ.

ಅಪ್ಪನಿಗೆ ನಾನು ಕೊಟ್ಟ ಉತ್ತರ ಇಷ್ಟೇ: ‘ಯಾವುದು ಗಟ್ಟಿ ಅಂತ ಕೇಳಬೇಡಿ ಅಪ್ಪ, ಎಷ್ಟು ಸಲ ಸರಿ ಇರಬೇಕು ಅಂತ ಕೇಳಿ. ತಾರಸಿಗೆ ಲಾರಿ. ಲಿಂಟಲ್, ಸಜ್ಜಾ, ಸಂಪ್, ಮೆಟ್ಟಿಲಿಗೆ ಮೂಟೆ.’

ಮೇಸ್ತ್ರಿಯವರ ಮಾತು

ನಮ್ಮ ಮೇಸ್ತ್ರಿಗೆ ಇದು ರುಚಿಸಲಿಲ್ಲ. ‘ನೋಡವ್ವ, ಇಪ್ಪತ್ತು ವರ್ಷದಿಂದ ಮೋಲ್ಡ್ ಹಾಕಿಸ್ತಿದೀನಿ. ನನ್ನ ಕೈಯಲ್ಲಿ ಒಂದೂ ಸೋರಿಲ್ಲ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಲಾರಿ ಬಂದ್ರೆ ನಮ್ಮೋರು ಹದಿನೈದು ಜನಕ್ಕೆ ಅವತ್ತು ಕೂಲಿ ಇಲ್ಲ’ ಎಂದೂ ಸೇರಿಸಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂಟೆಯಲ್ಲಿ ಮಾಡುವ ಉಳಿದ ಕೆಲಸವೆಲ್ಲ ಅವರ ತಂಡಕ್ಕೇ ಎಂದು ಅಪ್ಪ ಮಾತು ಕೊಟ್ಟರು. ಆದರೂ ಮೋಲ್ಡ್ ದಿನ ಹದಿನೈದು ಜನ ಬೇರೆ ಕಡೆ ಕೆಲಸ ಹುಡುಕಬೇಕಾಯಿತು. ಈ ಖರ್ಚನ್ನು ಯಾವ ಕೊಟೇಶನ್ನಿನಲ್ಲೂ ಬರೆದಿರುವುದಿಲ್ಲ.

ಲಾರಿ ಬರುತ್ತದೆಯೇ ಎನ್ನುವುದೂ ಪ್ರಶ್ನೆಯೇ. 6 ಘನ ಮೀಟರ್ ಕಾಂಕ್ರೀಟೇ 14 ಟನ್ ದಾಟುತ್ತದೆ, ಲಾರಿಯ ತೂಕ ಬೇರೆ. ನಮ್ಮ ಬೀದಿಯ ಚರಂಡಿಯ ಚಪ್ಪಡಿ ಅದನ್ನು ತಡೆಯುವುದಿಲ್ಲ ಎಂದು ಮುಖ್ಯರಸ್ತೆಯ ತಿರುವಿನಲ್ಲೇ ಲಾರಿ ನಿಲ್ಲಿಸಿ, ಅಲ್ಲಿಂದ ಪೈಪ್ ಎಳೆಯುವ ಪಂಪ್ ಗೊತ್ತು ಮಾಡಿದೆವು. ತಲೆ ಮೇಲೆ ವಿದ್ಯುತ್ ತಂತಿ ಇದ್ದದ್ದರಿಂದ ತೋಳು ಚಾಚುವ ಬೂಮ್ ಪಂಪ್ ಬೇಡವಾಯಿತು. ಒಂದು ವೇಳೆ ನಿಮ್ಮ ಮನೆ ಕಿರುದಾರಿಯ ಒಳಗಿದ್ದು ಪೈಪ್ ಕೂಡ ತಲುಪದಿದ್ದರೆ, ಅಥವಾ ಘಟಕ ಒಂದೂವರೆ ಗಂಟೆ ದೂರದಲ್ಲಿದ್ದರೆ, ಮೂಟೆಯೇ ಸರಿ. ಆಗ ನೀರು ಅಳೆಯಲಿಕ್ಕೆಂದೇ ಒಬ್ಬರನ್ನು ನಿಲ್ಲಿಸಿ, ಅವರನ್ನು ಎರಡು ಗಂಟೆಗೊಮ್ಮೆ ಬದಲಿಸಿ.

ಎರಡನೇ ಲಾರಿ

ಮೋಲ್ಡ್ ದಿನ ಮೊದಲ ಲಾರಿ ಏಳೂವರೆಗೆ ಬಂತು. ಪಂಪ್ ಪೈಪಿನಿಂದ ಮೊದಲು ಬರುವ ತೆಳು ಸಿಮೆಂಟ್ ರಾಡಿಯನ್ನು ತಾರಸಿಗೆ ಬಿಡದೆ ಹೊರಗೆ ಚೆಲ್ಲಿಸಿದೆವು. ಸಲೀಸಾಗಿ ಆರು ಘನ ಮೀಟರ್ ಮುಗಿಯಿತು. ಎರಡನೆಯದು ದಾರಿಯಲ್ಲಿ ಟ್ರಾಫಿಕ್‌ಗೆ ಸಿಕ್ಕಿಕೊಂಡಿತು. ಒಂಬತ್ತೂಕಾಲಿಗೆ ಬಂದಾಗ ಚಲನ್ ನೋಡಿದೆ. ಲೋಡ್ ಆದ ಸಮಯ 8.10. ರೆಡಿಮಿಕ್ಸ್‌ನ ಮಾನಕ ಐಎಸ್ 4926ರ ಪ್ರಕಾರ ಸಾಮಾನ್ಯವಾಗಿ ಲೋಡ್ ಆದ ಎರಡು ಗಂಟೆಯೊಳಗೆ ಲಾರಿ ಖಾಲಿಯಾಗಬೇಕು. ನಮಗೆ ಉಳಿದದ್ದು 55 ನಿಮಿಷ.

ಸ್ಲಂಪ್ ಪರೀಕ್ಷೆ ಮಾಡಿಸಿದೆ. 300 ಮಿ.ಮೀ. ಎತ್ತರದ ಶಂಕುವಿನಲ್ಲಿ ಕಾಂಕ್ರೀಟು ತುಂಬಿ, ಶಂಕು ಎತ್ತಿದಾಗ ಅದು ಎಷ್ಟು ಕುಸಿಯುತ್ತದೆ ಎಂದು ಅಳೆಯುವುದು. 100ರಿಂದ 120 ಎಂದು ಮಾತಾಗಿತ್ತು, ಬಂದದ್ದು 60. ಪಂಪ್ ಹುಡುಗ ಆಗಲೇ ನೀರಿನ ಪೈಪ್ ಎತ್ತಿಕೊಂಡಿದ್ದ. ‘ಒಂದ್ನಾಲ್ಕು ಬಕೆಟ್ ಬಿಟ್ರೆ ಸರಾಗವಾಗಿ ಹೋಗುತ್ತೆ ಬಿಡಿ ಮೇಡಂ, ಎಲ್ಲಾ ಕಡೆ ಹೀಗೇ ಮಾಡೋದು.’ ಅಪ್ಪ ನನ್ನ ಮುಖ ನೋಡಿದರು. ‘ನೀರು ಬೇಡ’ ಎಂದೆ. ಗಂಟಲು ಒಣಗಿತ್ತು. ಲಾರಿ ವಾಪಸ್ ಕಳಿಸಿದರೆ ಅರ್ಧ ಬಿದ್ದ ತಾರಸಿ ಅರ್ಧಕ್ಕೇ ನಿಲ್ಲುತ್ತಿತ್ತು.

ಘಟಕದ ಗುಣಮಟ್ಟ ವಿಭಾಗದ ಎಂಜಿನಿಯರ್‌ಗೆ ಫೋನ್ ಹಚ್ಚಿದೆ. ಅವರು ಹೇಳಿದ ಅಳತೆಯಲ್ಲಿ, ಜೊತೆಗೆ ಬಂದಿದ್ದ ಟೆಕ್ನಿಷಿಯನ್ ಕ್ಯಾನಿನಲ್ಲಿದ್ದ ಅಡ್ಮಿಕ್ಸ್ಚರ್ ಹಾಕಿ ಡ್ರಮ್ ಜೋರಾಗಿ ತಿರುಗಿಸಿದರು. ನೀರು ಸೇರಿಸದೆಯೇ ಕಾಂಕ್ರೀಟನ್ನು ಮತ್ತೆ ಸಡಿಲ ಮಾಡುವ ದ್ರಾವಣ ಅದು. ಮತ್ತೆ ಅಳೆದಾಗ 110.

ಇಷ್ಟರಲ್ಲಿ ಮೇಲೆ ಮೇಸ್ತ್ರಿ ಸುಮ್ಮನೆ ಕೂತಿರಲಿಲ್ಲ. ಮೊದಲ ಲಾರಿಯ ಕಾಂಕ್ರೀಟು ನಿಂತಿದ್ದ ಅಂಚಿಗೆ ಒದ್ದೆ ಗೋಣಿಚೀಲ ಮುಚ್ಚಿಸಿದ್ದರು. ಹೊಸ ಕಾಂಕ್ರೀಟು ಬೀಳುತ್ತಿದ್ದಂತೆ ಚೀಲ ತೆಗೆಸಿ, ವೈಬ್ರೇಟರ್‌ ಮೂತಿಯನ್ನು ಎರಡೂ ಸೇರುವ ಜಾಗಕ್ಕೆ ಇಳಿಸಿ, ‘ಹಳೇದು ಹೊಸದು ಬೆರೀಬೇಕು ಕಣ್ರೋ’ ಎಂದು ಕೂಗಿದರು. ನಾನು ಕೋಲ್ಡ್ ಜಾಯಿಂಟ್ ಎಂದು ಓದಿದ್ದನ್ನು ಅವರು ಕೈಯಲ್ಲಿ ತಪ್ಪಿಸುತ್ತಿದ್ದರು. 9.55ಕ್ಕೆ ಲಾರಿ ಖಾಲಿ. ಉಳಿದ ಜಾಗ ಅಳೆದು ನೋಡಿ, ಆಮೇಲೆ ಮೂರನೇ ಲಾರಿಗೆ ಎಷ್ಟು ಬೇಕೆಂದು ಹೇಳಿದೆವು. ಆರ್ಡರ್ ಕೊಡುವಾಗಲೇ ಕೊನೆಯ ಲೋಡನ್ನು ಹೀಗೆ ತೆರೆದಿಟ್ಟುಕೊಳ್ಳಿ, ಉಳಿಕೆಗೆ ದುಡ್ಡು ಕೊಡುವುದು ತಪ್ಪುತ್ತದೆ.

ಲಾರಿ ಹೋದ ಮೇಲೆ

ರೆಡಿಮಿಕ್ಸ್ ತಂದರೂ ಮೂಟೆ ತಂದರೂ ಉಳಿದ ಅರ್ಧ ಕೆಲಸ ಒಂದೇ: ನೀರು ನಿಲ್ಲಿಸುವುದು. ಕಲಸುವಾಗ ಹೆಚ್ಚಾದರೆ ಕೆಡಿಸುವ ನೀರೇ, ಗಟ್ಟಿಯಾದ ಮೇಲೆ ಕಾಂಕ್ರೀಟಿಗೆ ಬಲ. ಒಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ಕ್ಯೂರಿಂಗ್ ಬೇಕು. ನಾವು ಮಾರನೇ ದಿನವೇ ಕಟ್ಟೆ ಕಟ್ಟಿ 14 ದಿನ ನೀರು ನಿಲ್ಲಿಸಿದೆವು. ಬೋರ್‌ವೆಲ್ ಕೈಕೊಟ್ಟ ದಿನ ಅಮ್ಮ ಟ್ಯಾಂಕರ್ ತರಿಸಿದರು. ‘ಗಿಡಕ್ಕೂ ಇಷ್ಟು ನೀರು ಹಾಕಿಲ್ಲ’ ಎಂದು ಗೊಣಗುತ್ತಲೇ ಒಂದು ದಿನವೂ ತಪ್ಪಿಸಲಿಲ್ಲ.

ಲಾರಿಗಳಿಂದ ಒಂಬತ್ತು ಕ್ಯೂಬ್ ತೆಗೆದಿಟ್ಟಿದ್ದೆವು. 28 ದಿನಗಳ ನಂತರ ಎರಡನೇ ಲಾರಿಯ ಮೂರು ಕ್ಯೂಬ್‌ಗಳ ಸರಾಸರಿ 24 ದಾಟಿತ್ತು. ರಿಪೋರ್ಟನ್ನು ಅಪ್ಪ ಬ್ಯಾಂಕ್ ಪಾಸ್‌ಬುಕ್ ಜೊತೆ ಬೀರುವಿನಲ್ಲಿ ಇಟ್ಟಿದ್ದಾರೆ.

ನನ್ನ ಹಾಗೆ ಸಿವಿಲ್ ಅಥವಾ ಡಿಪ್ಲೊಮಾ ಮುಗಿಸಿ ಕಾಯುತ್ತಿರುವವರಿಗೆ ಒಂದು ಮಾತು. ನಮ್ಮ ಸುತ್ತ ದಿನವೂ ಯಾರದೋ ಮನೆಗೆ ಮೋಲ್ಡ್ ಬೀಳುತ್ತಿರುತ್ತದೆ. ಹೋಗಿ ನಿಲ್ಲಿ. ಮೂಟೆಯ ಮೇಲೆ ಮುದ್ರಿಸಿದ ತಯಾರಿಕೆಯ ವಾರ ಓದಿ. ಮೂರು ತಿಂಗಳು ದಾಟಿದ ಸಿಮೆಂಟನ್ನು ಪರೀಕ್ಷೆ ಮಾಡಿಸದೆ ಬಳಸಬಾರದು. ಚಲನ್ ಕೇಳಿ ನೋಡಿ. ಬಕೆಟ್ ಎಣಿಸಿ. ಇತ್ತೀಚಿನ ಒಂದು ಸಂದರ್ಶನದಲ್ಲಿ ‘ಸೈಟ್ ಅನುಭವ ಇದೆಯಾ?’ ಎಂದಾಗ ನಾನು ಎರಡನೇ ಲಾರಿಯ ವಿಷಯ ಹೇಳಿದೆ. ಹತ್ತು ನಿಮಿಷ ಅವರು ಬೇರೇನೂ ಕೇಳಲಿಲ್ಲ. ಕೆಲಸದ ಉತ್ತರ ಇನ್ನೂ ಬಂದಿಲ್ಲ, ಬಂದಾಗ ನೋಡೋಣ.

ಮೊನ್ನೆ ಹಿಂದಿನ ಬೀದಿಯ ಅಂಕಲ್ ಕಾಂಪೌಂಡ್ ಕಂಬಗಳಿಗೆ ರೆಡಿಮಿಕ್ಸ್ ಹೇಳಲಾ ಎಂದು ಕೇಳಲು ಬಂದಿದ್ದರು. ಅಳತೆ ಹಾಕಿದರೆ ಪೂರ್ತಿ ಒಂದು ಘನ ಮೀಟರೂ ಇಲ್ಲ. ‘ಬೇಡ ಅಂಕಲ್, ಏಳೆಂಟು ಮೂಟೆ ಸಾಕು’ ಎಂದೆ. ‘ನೀರಿನ ಬಕೆಟ್ ಹತ್ತಿರ ಮಾತ್ರ ನಾನು ನಿಂತಿರ್ತೀನಿ.’