ಮೈದಾನ ಯಾರದ್ದು, ಬೀಗದ ಕೈ ಯಾರ ಹತ್ತಿರ?



ಹಾಡಿನ ಕೋರಿಕೆಗಳನ್ನು ಬದಿಗಿಟ್ಟರೆ ಮುಂಬಯಿಯ ಕೇಳುಗರು ನಮಗೆ ಬರೆಯುವುದು ನೀರಿನ ಬಗ್ಗೆ, ಲೋಕಲ್ ಟ್ರೇನಿನ ಬಗ್ಗೆ, ಆಮೇಲೆ ಮಕ್ಕಳಿಗೆ ಆಡಲು ಜಾಗವಿಲ್ಲದ ಬಗ್ಗೆ. "ಪಕ್ಕದ ಪ್ಲಾಟು ಮೈದಾನಕ್ಕೆ ಮೀಸಲು ಅಂತ ವರ್ಷಗಳಿಂದ ಕೇಳುತ್ತಿದ್ದೇವೆ. ಗೇಟಿಗೆ ಬೀಗ ಹಾಗೇ ಇದೆ. ಯಾಕೆ?" ಈ ಪ್ರಶ್ನೆಗೆ ಕಾರ್ಯಕ್ರಮದ ನಡುವೆ ಎರಡು ನಿಮಿಷದಲ್ಲಿ ಉತ್ತರ ಹೇಳಲಾಗದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು 'ಮೀಸಲು' ಎಂಬ ಮಾತನ್ನು ತಿಳಿದುಕೊಳ್ಳೋಣ. ಊರಿನ ಯಾವ ಜಾಗ ಏನಾಗಬೇಕು ಎಂದು ಪಾಲಿಕೆ ಒಂದು ಅಭಿವೃದ್ಧಿ ಯೋಜನೆ ಮಾಡುತ್ತದೆ. ಎಲ್ಲರ ಬಾಯಲ್ಲೂ ಅದು ಡಿ.ಪಿ. ಸದ್ಯದ ಡಿ.ಪಿ. 2018ರಲ್ಲಿ ಜಾರಿಗೆ ಬಂತು, 2034ರವರೆಗಿನದು. ಅದರಲ್ಲಿ ನಿಮ್ಮ ಪಕ್ಕದ ಪ್ಲಾಟಿಗೆ ಹಸಿರು ಬಣ್ಣ ಬಳಿದಿದ್ದರೆ ಅದು ಪಾಲಿಕೆಯ ಮೈದಾನ ಆಗಿಹೋಯಿತು ಎಂದು ಅರ್ಥವಲ್ಲ. ಜಾಗದ ಮಾಲೀಕ ಬೇರೆ ಯಾರೋ ಇರಬಹುದು. ಪಾಲಿಕೆ ಅದನ್ನು ಕೊಳ್ಳಬೇಕು, ಇಲ್ಲವೇ ಹಣದ ಬದಲು ಬೇರೆಡೆ ಕಟ್ಟಡ ಕಟ್ಟುವ ಹಕ್ಕು, ಅಂದರೆ ಟಿ.ಡಿ.ಆರ್. ಕೊಟ್ಟು ಪಡೆಯಬೇಕು. ಅಲ್ಲಿಯವರೆಗೆ ಅದು ಕಾಗದದ ಮೇಲಿನ ಮೈದಾನ. ಬೀಗದ ಕೈ ಮಾಲೀಕನ ಜೇಬಿನಲ್ಲೇ ಇರುತ್ತದೆ.

ಇಲ್ಲೊಂದು ಗಡಿಯಾರವೂ ಓಡುತ್ತಿರುತ್ತದೆ. 1966ರ ಮಹಾರಾಷ್ಟ್ರ ನಗರ ಯೋಜನಾ ಕಾಯಿದೆಯ 127ನೇ ಕಲಮಿನ ಪ್ರಕಾರ, ಯೋಜನೆ ಜಾರಿಯಾಗಿ 10 ವರ್ಷದೊಳಗೆ ಜಾಗ ಪಡೆಯದಿದ್ದರೆ ಮಾಲೀಕ ನೋಟಿಸು ಕೊಡಬಹುದು. ನೋಟಿಸು ಕೊಟ್ಟ 24 ತಿಂಗಳಲ್ಲಿ ಪಾಲಿಕೆ ಕೈಕಟ್ಟಿ ಕೂತರೆ ಮೀಸಲಾತಿ ಬಿದ್ದುಹೋಗುತ್ತದೆ. ಮಾಲೀಕನಿಗೂ ನ್ಯಾಯ ಬೇಕಲ್ಲ, ಅವನ ಜಾಗವನ್ನು ಕೊಳ್ಳದೆ, ಬಿಡದೆ ಎಷ್ಟು ಕಾಲ ಕಟ್ಟಿಹಾಕುವುದು? ಕಾನೂನು ಸರಿಯೇ. ಕಡತ ಮೇಜಿನಿಂದ ಮೇಜಿಗೆ ಹೋಗುವ ವೇಗ ಮಾತ್ರ ಸರಿಯಿಲ್ಲ. 2018ರ ಯೋಜನೆಯಲ್ಲಿ ಹೊಸದಾಗಿ ಮೀಸಲಾದ ಪ್ಲಾಟುಗಳಿಗೆ ಹತ್ತು ವರ್ಷ ತುಂಬುವುದು 2028ರಲ್ಲಿ. ಈ ವರ್ಷವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಇನ್ನು, ಮೀಸಲು ಜಾಗದಲ್ಲಿ ಆಗಲೇ ಜೋಪಡಿಗಳಿದ್ದರೆ? ಅಲ್ಲಿ ವಾಸಿಸುವವರನ್ನು ಎಲ್ಲಿಗೆ ಕಳಿಸುವುದು? ಮೈದಾನ ಬೇಕು ಎನ್ನುವವರೂ ಬಡವರ ಮನೆ ಬೇಡ ಎನ್ನಲಾರರು. ಈ ವ್ಯಾಜ್ಯ 2002ರಿಂದ ಕೋರ್ಟಿನಲ್ಲಿತ್ತು. 2025ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟು ಇಂಥ ಜಾಗಗಳಲ್ಲಿ ಪುನರ್ವಸತಿ ಕಟ್ಟಡಗಳಿಗೆ ಅವಕಾಶ ಕೊಡುವ ನಿಯಮವನ್ನು ಎತ್ತಿಹಿಡಿಯಿತು. ಆದರೆ ಪ್ಲಾಟಿನ ಶೇಕಡ 35 ಭಾಗ ತೆರೆದ ಜಾಗವಾಗಿ ಉಳಿಯಲೇಬೇಕು ಎಂಬ ಷರತ್ತಿನೊಂದಿಗೆ. ಆ 35 ಭಾಗ ನಿಜಕ್ಕೂ ಮಕ್ಕಳ ಆಟಕ್ಕೆ ಸಿಗುತ್ತದೋ, ಸೊಸೈಟಿಯ ಕಾರುಗಳಿಗೆ ಹೋಗುತ್ತದೋ ಎಂಬುದನ್ನು ಅಲ್ಲಿನ ನಿವಾಸಿಗಳೇ ಕಾಯಬೇಕು.

ಪಾಲಿಕೆಯ ಕೈಗೆ ಬಂದ ಮೈದಾನಗಳ ಕಥೆ ಬೇರೆ. ನೋಡಿಕೊಳ್ಳಲು ಹಣವಿಲ್ಲ ಎಂದು ಹಿಂದೆ ಅನೇಕ ಜಾಗಗಳನ್ನು ಸಂಘ ಸಂಸ್ಥೆಗಳಿಗೆ 'ದತ್ತು' ಕೊಟ್ಟರು. ಕೆಲವರು ಮನಸ್ಸಿಟ್ಟು ಹುಲ್ಲು ಬೆಳೆಸಿದರು. ಕೆಲವರು ಕ್ಲಬ್ ಕಟ್ಟಿ ಸದಸ್ಯತ್ವ ಮಾರಿದರು. 2016ರಲ್ಲಿ ಹೊಸ ದತ್ತು ನೀತಿ ಬಂದಾಗ ಎದ್ದ ಗಲಾಟೆಗೆ ಮುಖ್ಯಮಂತ್ರಿಗಳೇ ತಡೆ ಹಾಕಿ, ಕೊಟ್ಟ ಜಾಗಗಳನ್ನು ಹಿಂದಕ್ಕೆ ಪಡೆಯಲು ಹೇಳಿದರು. 2023ರಲ್ಲಿ ಮತ್ತೊಂದು ಕರಡು ಬಂತು, ಮತ್ತೆ ಆಕ್ಷೇಪಣೆಗಳು ಬಂದವು. ಹಾಗಂತ ನಾಗರಿಕರ ಕೈ ಸೋಕಿದ್ದೆಲ್ಲ ಕೆಟ್ಟಿತೆನ್ನಬೇಡಿ. ಚರ್ಚ್‌ಗೇಟಿನ ಓವಲ್ ಮೈದಾನವನ್ನು ಹಾಳು ಬೀಳದಂತೆ ಉಳಿಸಲು ತೊಂಬತ್ತರ ದಶಕದಲ್ಲಿ ಕೋರ್ಟಿಗೆ ಹೋದವರು ಅಕ್ಕಪಕ್ಕದ ನಿವಾಸಿಗಳೇ. ಒಂದು ಬದಿ ಹೈಕೋರ್ಟು, ಯೂನಿವರ್ಸಿಟಿ, ಇನ್ನೊಂದು ಬದಿ ಆರ್ಟ್ ಡೆಕೊ ಮನೆಗಳು; ಆ ಇಡೀ ಸಾಲು 2018ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಭಾನುವಾರ ಅಲ್ಲಿ ನಡೆಯುವ ಕ್ರಿಕೆಟ್ಟು ಯಾವ ಪಟ್ಟಿಯಲ್ಲೂ ಇಲ್ಲ, ಅದೇ ನನಗೆ ಹೆಚ್ಚು ಪ್ರಿಯ.

ದೊಡ್ಡ ಸುದ್ದಿಗಳಿಗೆ ಬರೋಣ. ಮಹಾಲಕ್ಷ್ಮಿಯ ರೇಸ್‌ಕೋರ್ಸ್ ಸುಮಾರು 211 ಎಕರೆ. ಕ್ಲಬ್ಬಿನ ಗುತ್ತಿಗೆ 2013ರಲ್ಲೇ ಮುಗಿದಿತ್ತು. 2024ರಲ್ಲಿ ಆದ ತೀರ್ಮಾನದಂತೆ 120 ಎಕರೆ ಸಾರ್ವಜನಿಕ ಉದ್ಯಾನಕ್ಕೆ, 91 ಎಕರೆ 2053ರವರೆಗೆ ಕುದುರೆ ಓಟಕ್ಕೆ. ಕೋಸ್ಟಲ್ ರೋಡಿಗಾಗಿ ಸಮುದ್ರ ತುಂಬಿ ಮಾಡಿದ ಜಾಗದಲ್ಲಿನ ಸುಮಾರು 175 ಎಕರೆ ಹಸಿರು ಸೇರಿದರೆ ಹೆಚ್ಚುಕಡಿಮೆ 300 ಎಕರೆಯ ತೆರೆದ ಜಾಗ. ಈ ಇಕ್ಕಟ್ಟಿನ ಊರಿಗೆ ಅದು ಸಣ್ಣ ವಿಷಯವಲ್ಲ. ಆದರೆ ಕಾಗದದಲ್ಲಿ 'ಪಾರ್ಕ್' ಎಂದು ಓದಿದ ಮೇಲೆ ನೆಲದಡಿ ಏನು ಕಟ್ಟುತ್ತಾರೆ, ಒಳಗೆ ಬರಲು ಟಿಕೆಟ್ ಎಷ್ಟು ಎಂದೂ ಕೇಳಬೇಕು. ಮಲಬಾರ್ ಹಿಲ್‌ನಲ್ಲಿ 2025ರ ಮಾರ್ಚ್‌ನಲ್ಲಿ ತೆರೆದ ಮರಗಳ ನಡುವಿನ ಕಾಲುದಾರಿ ಸೊಗಸಾಗಿದೆ, ಆರಂಭದಲ್ಲಿ ಭಾರತೀಯರಿಗೆ 25 ರೂಪಾಯಿ ಇಟ್ಟರು. ಒಂದು ದಿನಕ್ಕೆ ಸರಿ. ದಿನಾ ವಾಕಿಂಗ್ ಹೋಗುವ ಅಜ್ಜನಿಗೆ?

ಆರೆ ಕಾಲೊನಿಯನ್ನು ಹೇಳದೆ ಮುಗಿಸಲಾಗದು. 2019ರ ಅಕ್ಟೋಬರಿನ ಒಂದು ರಾತ್ರಿ, ಹೈಕೋರ್ಟಿನ ಆದೇಶ ಬಂದ ಕೆಲವೇ ಗಂಟೆಗಳಲ್ಲಿ, ಮೆಟ್ರೊ ಕಾರ್ ಶೆಡ್ಡಿಗಾಗಿ ಮರ ಕಡಿಯಲು ತೊಡಗಿದರು. ಸುಪ್ರೀಂ ಕೋರ್ಟು ತಡೆಯುವಷ್ಟರಲ್ಲಿ 2,000ಕ್ಕೂ ಹೆಚ್ಚು ಮರ ಉರುಳಿದ್ದವು. ಮುಂದೆ 812 ಎಕರೆ ಮೀಸಲು ಅರಣ್ಯವಾಯಿತು, 2022ರಲ್ಲಿ ಕಾರ್ ಶೆಡ್ ಮರಳಿ ಆರೆಗೇ ಬಂತು. ಇಂದು ಅದೇ ಮೆಟ್ರೊದಲ್ಲಿ ನಾವು ಕಫ್ ಪರೇಡ್‌ವರೆಗೆ ತಂಪಾಗಿ ಕೂತು ಹೋಗುತ್ತೇವೆ. ಎರಡೂ ನಿಜ.

ಈಗ ನೀವು ಮಾಡಬಹುದಾದ್ದು. ವಾರ್ಡ್ ಆಫೀಸಿಗೆ ಹೋಗಿ ಪ್ಲಾಟಿನ ಸಿ.ಟಿ.ಎಸ್. ನಂಬರು ಹೇಳಿ, ಡಿ.ಪಿ.ಯಲ್ಲಿ ಅದು ಏನೆಂದು ಕೇಳಿ. ಬಾಯಿಮಾತಿನ ಉತ್ತರ ಬಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಅದರಲ್ಲಿ ಮೂರು ಮಾತು ಸಾಕು: ಜಾಗ ಪಾಲಿಕೆಗೆ ಬಂದಿದೆಯೇ, ಯಾವ ದಿನ ಬಂತು, 127ರ ನೋಟಿಸು ಬಂದಿದೆಯೇ. ಮರಕ್ಕೆ ಅಂಟಿಸಿದ ಪಾಲಿಕೆಯ ಚೀಟಿ ಕಂಡರೆ ಫೋಟೊ ತೆಗೆದುಕೊಳ್ಳಿ, ಅದರಲ್ಲಿ ಬರೆದ ತಾರೀಖಿನೊಳಗೆ ಆಕ್ಷೇಪಣೆಯನ್ನು ಬರೆದೇ ಕೊಡಿ, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬನ್ನಿ. ಭಾಷೆಯ ಚಿಂತೆ ಬೇಡ, ಮರಾಠಿ ಬರೆಯಬಲ್ಲ ಪಕ್ಕದ ಮನೆಯವರು ಸಿಕ್ಕೇ ಸಿಗುತ್ತಾರೆ. ಮೈದಾನ ಅವರ ಮಕ್ಕಳಿಗೂ ಬೇಕು.

ಉತ್ತರ ಬಂದವರು ನಮಗೊಂದು ಪ್ರತಿ ಕಳಿಸಿ. ಮುಂದಿನ ಬಾರಿ ಪುಣೆಯ ಟೇಕಡಿಗಳ ವಿಷಯ.