12345654321 (ಸಂಖ್ಯೆ)

12345654321 ಹನ್ನೊಂದು ಅಂಕಿಗಳ ಒಂದು ಬೆಸ ಪೂರ್ಣಾಂಕ. ಇದು 111111ರ ವರ್ಗ. ಇದನ್ನು ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂದು ಓದಲಾಗುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಇದರ ಅಂಕಿಗಳ ಕ್ರಮ ಬದಲಾಗುವುದಿಲ್ಲ. ಕಾವ್ಯದಲ್ಲಿ ಇಂತಹ ರಚನೆಯನ್ನು ಗತಪ್ರತ್ಯಾಗತವೆನ್ನುತ್ತಾರೆ.

ಇತಿಹಾಸ

ಕ್ರಿ.ಶ. 9ನೆಯ ಶತಮಾನದ ಜೈನ ಗಣಿತಜ್ಞ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಈ ಸಂಖ್ಯೆಯ ಉಲ್ಲೇಖವಿದೆ. ಸಂಸ್ಕೃತದಲ್ಲಿರುವ ಈ ಗ್ರಂಥದ ಆರಂಭದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಪ್ರಶಂಸೆಯಿದೆ. ಅವನ ರಾಜಧಾನಿ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಎಂ. ರಂಗಾಚಾರ್ಯರು ಸಂಪಾದಿಸಿದ ಈ ಗ್ರಂಥವು ಆಂಗ್ಲ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು.

ಗುಣಾಕಾರದ ಭಾಗದಲ್ಲಿ ಮಹಾವೀರಾಚಾರ್ಯನು ಹಾರದ ಮಣಿಗಳಂತೆ ಅಂಕಿಗಳು ಜೋಡಣೆಗೊಳ್ಳುವ ಗುಣಲಬ್ಧಗಳನ್ನು ಕೊಟ್ಟು, ಅವುಗಳನ್ನು ಕಂಠಾಭರಣಕ್ಕೆ ಹೋಲಿಸಿದ್ದಾನೆ. ಅವುಗಳಲ್ಲಿ ಕೆಲವು:

27994681 × 441 = 12345654321
12345679 × 9 = 111111111
152207 × 73 = 11111111
139 × 109 = 15151

ಅದೇ ಗ್ರಂಥದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳ ಹೆಸರುಗಳಿವೆ. ಆ ಪಟ್ಟಿಯಲ್ಲಿ ಹನ್ನೊಂದನೆಯ ಸ್ಥಾನ ಅರ್ಬುದ. ಆದುದರಿಂದ ಈ ಸಂಖ್ಯೆಯ ಮೊದಲ ಅಂಕಿಯು ಅರ್ಬುದ ಸ್ಥಾನದಲ್ಲಿದೆ.

ಅಂಕಿಗಳ ವಿನ್ಯಾಸಕ್ಕೆ ಕಾರಣ

111111ನ್ನು 111111ರಿಂದ ಗುಣಿಸುವಾಗ 111111 ಎಂಬ ಸಾಲನ್ನೇ ಆರು ಬಾರಿ, ಪ್ರತಿಸಲವೂ ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಬರೆಯಬೇಕಾಗುತ್ತದೆ. ಬಿಡಿಸ್ಥಾನದ ಕಂಬಸಾಲಿನಲ್ಲಿ ಒಂದು 1, ಹತ್ತರ ಸ್ಥಾನದಲ್ಲಿ ಎರಡು, ನೂರರ ಸ್ಥಾನದಲ್ಲಿ ಮೂರು ಹೀಗೆ ಏರುತ್ತ ಆರನೆಯ ಕಂಬಸಾಲಿನಲ್ಲಿ ಆರು ಒಂದುಗಳು ಸೇರುತ್ತವೆ. ಅನಂತರ ಅವು ಅದೇ ಕ್ರಮದಲ್ಲಿ ಇಳಿಯುತ್ತವೆ. ಯಾವ ಕಂಬಸಾಲಿನ ಮೊತ್ತವೂ 9ನ್ನು ಮೀರದಿರುವುದರಿಂದ ದಶಕ ಒಯ್ಯುವ ಪ್ರಸಂಗವೇ ಬರುವುದಿಲ್ಲ. ವಿನ್ಯಾಸ ಕೆಡದೆ ಉಳಿಯುತ್ತದೆ.

ಒಂಬತ್ತು ಒಂದುಗಳವರೆಗೆ ಈ ನಿಯಮ ನಡೆಯುತ್ತದೆ: 111111111ರ ವರ್ಗ 12345678987654321. ಹತ್ತು ಒಂದುಗಳಾದಾಗ ನಡುವಿನ ಮೊತ್ತ 10 ಆಗಿ ದಶಕ ಮುಂದಿನ ಸ್ಥಾನಕ್ಕೆ ಸೇರುತ್ತದೆ. ವರ್ಗವು 1234567900987654321 ಆಗಿ, ಸಮಮಿತಿ ಮುರಿಯುತ್ತದೆ.

ಅಪವರ್ತನಗಳು

111111 = 111 × 1001. ಇದರಲ್ಲಿ 111 = 3 × 37 ಮತ್ತು 1001 = 7 × 11 × 13. ಆದುದರಿಂದ

12345654321 = 3² × 7² × 11² × 13² × 37²

ಮಹಾವೀರಾಚಾರ್ಯನ ಗುಣಾಕಾರದ ಗುಟ್ಟು ಇಲ್ಲಿ ತಿಳಿಯುತ್ತದೆ. 441 ಎಂಬುದು 21ರ (3 × 7) ವರ್ಗ; 27994681 ಎಂಬುದು 5291ರ (11 × 13 × 37) ವರ್ಗ. ಎರಡು ವರ್ಗಗಳ ಗುಣಲಬ್ಧವೂ ವರ್ಗವೇ ಆಗಿರುತ್ತದೆ.

ಇತರ ಗುಣಗಳು

* ಅಂಕಿಗಳ ಮೊತ್ತ 36. ಅದು ನಡುವಿನ ಅಂಕಿ 6ರ ವರ್ಗ. ಮೊತ್ತವು 9ರಿಂದ ಭಾಗವಾಗುವುದರಿಂದ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ.
* ಪ್ರತಿ ಅವಿಭಾಜ್ಯ ಅಪವರ್ತನದ ಘಾತ 2 ಆಗಿರುವುದರಿಂದ ಭಾಜಕಗಳ ಸಂಖ್ಯೆ 3 × 3 × 3 × 3 × 3, ಅಂದರೆ 243.
* ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 13029870672. ಇದು ಮೂಲಸಂಖ್ಯೆಗಿಂತ ಹೆಚ್ಚು. ಇಂತಹ ಬೆಸ ಸಂಖ್ಯೆಗಳು ವಿರಳ. 1000ಕ್ಕಿಂತ ಕೆಳಗೆ 945 ಒಂದೇ ಇದೆ.