ಕ್ರಿಯಾಪದಕ್ಕಾಗಿ ಕಾದವರು

'ಹಳಗನ್ನಡವನ್ನು ಓದಿ ಮಾಡುವುದೇನು?' ಎಂಬ ಪ್ರಶ್ನೆ ಪ್ರತಿ ವರ್ಷವೂ ತರಗತಿಯಲ್ಲಿ ಎದ್ದೇ ಏಳುತ್ತದೆ. ಈ ಸಲ ಕೇಳಿದ ಹುಡುಗ ಉದ್ಧಟನಲ್ಲ, ಜಾಣ. ಅಂತೆಯೇ ನಾನು ಕೊಟ್ಟ ಉತ್ತರ ನನಗೇ ಸಪ್ಪೆಯೆನಿಸಿತು. ಮನೆಗೆ ಬಂದ ಮೇಲೆ ನೆನಪಾದದ್ದು ಇಂಗ್ಲೆಂಡಿನ ಬೆಡ್‌ಫರ್ಡ್ ಪಟ್ಟಣದ ಒಂದು ಪಾಠಶಾಲೆ.

1941ರ ಡಿಸೆಂಬರಿನಲ್ಲಿ ಜಪಾನು ಬ್ರಿಟನ್ನಿನ ಮೇಲೆ ಯುದ್ಧ ಹೂಡಿದಾಗ ಆ ದೇಶದಲ್ಲಿ ಜಪಾನೀ ಬಲ್ಲವರು ತೀರ ವಿರಳ. ಗೂಢಲಿಪಿಯನ್ನು ಒಡೆದರೂ ಒಳಗಿನ ಮಾತು ತಿಳಿಯಬೇಡವೆ! ಆರು ತಿಂಗಳಲ್ಲಿ ಭಾಷೆ ಕಲಿಸಬಹುದೇ ಎಂದು ಕರ್ನಲ್ ಜಾನ್ ಟಿಲ್ಟ್‌ಮನ್ ವಿಚಾರಿಸಿದರೆ, ಲಂಡನ್ನಿನ ಪ್ರಾಚ್ಯಭಾಷಾ ವಿದ್ವಾಂಸರು ಅದು ವರ್ಷಗಳ ಸಾಧನೆಯೆಂದರು. ನಾನಾದರೂ ಹಾಗೆಯೇ ಹೇಳುತ್ತಿದ್ದೆ. ಟಿಲ್ಟ್‌ಮನ್ ಬಿಡಲಿಲ್ಲ, ನಿವೃತ್ತ ನೌಕಾಧಿಕಾರಿ ಆಸ್ವಾಲ್ಡ್ ಟಕ್ ಅವರನ್ನು ಕರೆತಂದರು. ಬಹುಮಟ್ಟಿಗೆ ಸ್ವಂತ ಶ್ರಮದಿಂದ ಜಪಾನೀ ಕಲಿತಿದ್ದ ಆ ವೃದ್ಧರು 1942ರ ಫೆಬ್ರವರಿಯಲ್ಲಿ ಪಾಠ ಆರಂಭಿಸಿದರು. ಎದುರಿಗೆ ಕುಳಿತವರು ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಂದ ಬಂದವರು. ಸಿಪಾಯಿಗಳಲ್ಲ, ಹೆಚ್ಚಿನವರು ಗ್ರೀಕ್, ಲ್ಯಾಟಿನ್ ವ್ಯಾಕರಣವನ್ನು ಅರೆದು ಕುಡಿದ ತರುಣರು.

ಸಂಭಾಷಣೆಯ ಗೊಡವೆ ಅವರಿಗಿರಲಿಲ್ಲ. ತಂತಿವಾರ್ತೆಗಳನ್ನು ಓದಬೇಕು, ಅಷ್ಟೆ. ಆದರೆ ಚಿತ್ರಲಿಪಿಯ ಸಹಾಯವಿಲ್ಲದೆ ಬರಿಯ ಉಚ್ಚಾರಣೆಯಲ್ಲಿ ಬಂದ ಜಪಾನೀ ಎಂತಹ ಕಗ್ಗಂಟು! 'ಕೋಕೈ' ಎಂದರೆ ಸಮುದ್ರಯಾನ, ಪಶ್ಚಾತ್ತಾಪವೂ ಅದೇ, ಬಹಿರಂಗಪಡಿಸುವುದೂ ಅದೇ. ಸಂದರ್ಭವೊಂದೇ ಗತಿ. ಇನ್ನು ವಾಕ್ಯರಚನೆ. ಇಂಗ್ಲಿಷಿನವನಿಗೆ ತಲೆಕೆಳಗಾಗಿ ಕಾಣುವ ಆ ರಚನೆ ನಮಗೆ ಮನೆಯ ಅಂಗಳವಿದ್ದಂತೆ. 'ಟೋಕಿಯೋ ನಿ ಇಕು' ಎಂದರೆ 'ಟೋಕಿಯೋಗೆ ಹೋಗುತ್ತಾನೆ'. ವಿಭಕ್ತಿ ಹೆಸರಿನ ಹಿಂದೆ, ಕ್ರಿಯಾಪದ ಕಟ್ಟಕಡೆಗೆ. 'ಇಕನೈ' ಎಂದರೆ ಹೋಗುವುದಿಲ್ಲ. ನಿಷೇಧವೂ ನಮ್ಮಂತೆಯೇ ಕೊನೆಯಲ್ಲಿ.

ಮರುದಿನ ಕಪ್ಪು ಹಲಗೆಯ ಮೇಲೆ 'ನಾಳೆ ಮುಂಜಾನೆ ಹಡಗುಗಳು ರೇವಿನಿಂದ ಹೊರಡುವು' ಎಂದು ಬರೆದು ನಿಲ್ಲಿಸಿದೆ. ತಂತಿ ಇಲ್ಲಿಗೇ ತುಂಡಾಯಿತು, ಹಡಗುಗಳು ಹೊರಡುವುವೋ ಇಲ್ಲವೋ ಎಂದು ಕೇಳಿದೆ. ತರಗತಿ ಸ್ತಬ್ಧವಾಯಿತು. ಒಂದು ಪ್ರತ್ಯಯದ ಮೇಲೆ ನೂರಾರು ಜನರ ಜೀವ ತೂಗುತ್ತಿರುವುದನ್ನು ಅವರು ಕಂಡರೆಂದು ತೋರಿತು. ಬೆಡ್‌ಫರ್ಡಿನಲ್ಲಿ ಕಲಿತ ಕೆಲವರು ನಮ್ಮ ದೆಹಲಿಗೂ ಬಂದು, ಆನಂದ ಪರ್ಬತದ ಕಾಲೇಜು ಕಟ್ಟಡದಲ್ಲಿ ಇಂಥ ತುಣುಕುಗಳನ್ನೇ ಜೋಡಿಸುತ್ತ ಕುಳಿತಿದ್ದರೆಂದು ಹೇಳಿದೆ. ಬರ್ಮಾದ ಯುದ್ಧಕಾಲವದು. ತಾವು ಮಾಡಿದ್ದನ್ನು ಅವರು ದಶಕಗಳವರೆಗೆ ಮನೆಯವರಿಗೂ ಹೇಳುವಂತಿರಲಿಲ್ಲ.

ಹುಡುಗನಿಗೆ ಸಮಾಧಾನವಾದಂತೆ ಕಾಣಲಿಲ್ಲ. 'ಸೋಲಿಸುವುದಕ್ಕೆಂದೇ ಒಂದು ಜನದ ಭಾಷೆಯನ್ನು ಕಲಿತರಲ್ಲ ಸಾರ್, ಅದರ ಮೇಲೆ ಅವರಿಗೆ ಪ್ರೀತಿ ಬಂದಿತೇ?' ಎಂದ. ನಾನು ಸಿದ್ಧಪಡಿಸಿಕೊಂಡು ಹೋದ ಪಾಠದಲ್ಲಿ ಈ ಪ್ರಶ್ನೆ ಇರಲಿಲ್ಲ. ನನ್ನಲ್ಲಿದ್ದದ್ದು ಒಬ್ಬರ ಕಥೆ ಮಾತ್ರ. ಆ ಮೊದಲ ತಂಡದಲ್ಲಿ ಎರಿಕ್ ಸೀಡೆಲ್ ಎಂಬ ಗ್ರೀಕ್ ವಿದ್ಯಾರ್ಥಿಯಿದ್ದರು. ಪಾಠ ಮುಗಿಸಿ ಅಲ್ಲಿಯೇ ಉಪಾಧ್ಯಾಯರಾದರು. ಯುದ್ಧ ಮುಗಿದ ಮೇಲೆ ಗ್ರೀಕಿಗೆ ಮರಳಲಿಲ್ಲ, ಕೇಂಬ್ರಿಜ್‌ನಲ್ಲಿ ಜಪಾನೀ ಅಧ್ಯಾಪಕರಾದರು. ಅಷ್ಟನ್ನು ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಹಲಗೆಯ ಮೇಲಿನ ಅರ್ಧ ವಾಕ್ಯವನ್ನು ಹುಡುಗನೇ ಒರೆಸಿ ಹೋದ.